ಸಾಕೆಂಬುದು ಯಾರ ಮಾತು?

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಊಟವನ್ನೂ ಮಾತನ್ನೂ ಹಿರಿಯರು ಒಂದೇ ಗಾದೆಯಲ್ಲಿ ಪೋಣಿಸಿದ್ದಕ್ಕೆ ಎರಡನ್ನೂ ಒಂದೇ ಬಾಯಿ ಮಾಡುತ್ತದೆಂಬುದಷ್ಟೇ ಕಾರಣವೆಂದು ತಿಳಿದಿದ್ದೆವು. ಆದರೆ ಊಟದ ಎಲೆಯ ಮುಂದೆ ಆಡಲೇಬೇಕಾದ ಮಾತೊಂದಿದೆ. ಅದನ್ನು ಸಕಾಲದಲ್ಲಿ ಆಡುವುದೂ ಕಷ್ಟ, ಇನ್ನೊಬ್ಬರು ಆಡಿದಾಗ ನಂಬುವುದೂ ಕಷ್ಟ. ಇದು ನಮ್ಮ ಅರಿವಿಗೆ ಬಂದದ್ದು ಒಂದೆರಡು ವರ್ಷಗಳ ಹಿಂದೆ, ಸಂಘದ ರಾಜ್ಯೋತ್ಸವದ ಊಟದ ದಿನ. ಆ ಮಾತು "ಸಾಕು" ಎಂಬುದು.

ಆ ದಿನ ಬಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಹೋಳಿಗೆಯ ತಟ್ಟೆ ನಮ್ಮ ಕೈಯಲ್ಲಿ, ತುಪ್ಪದ ಪಾತ್ರೆ ಹಿಂದೆ ಬರುವವರ ಕೈಯಲ್ಲಿ. ಎರಡನೆಯ ಪಂಕ್ತಿಯಲ್ಲಿ ನಮ್ಮ ಆಫೀಸಿನ ಮಿತ್ರರೊಬ್ಬರು, ಧಾರವಾಡದ ಕಡೆಯವರು, ಕುಳಿತಿದ್ದರು. ನಾವೇ ಒತ್ತಾಯಪಡಿಸಿ ಕರೆತಂದಿದ್ದೆವು. ಅವರ ಎಲೆಯಲ್ಲಿ ಮೊದಲು ಬಡಿಸಿದ ಹೋಳಿಗೆಯೇ ಅರ್ಧ ಉಳಿದಿತ್ತು. "ಸಾಕ್ರೀ, ಖರೇನ ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿದರು. ನಾವು ಬಿಡುವವರೇ? "ಧಾರವಾಡದವರಾಗಿ ಅರ್ಧ ಹೋಳಿಗೆಗೇ ಸಾಕು ಅಂದರೆ ಊರಿನ ಮರ್ಯಾದೆ ಏನಾಗಬೇಕು?" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ, ಅವರ ಕೈಯ ಸಂದಿಯಿಂದಲೇ ಇನ್ನೊಂದು ಹೋಳಿಗೆ ಜಾರಿಸಿದೆವು. ಪಕ್ಕದವರು ನಕ್ಕರು, ಮಿತ್ರರೂ ನಕ್ಕರು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಎರಡು ತುತ್ತು ಅವಸರದಲ್ಲಿ ನುಂಗಿದರು. ಸ್ವಲ್ಪ ಹೊತ್ತಿನಲ್ಲೇ ಅವರ ಮುಖವೆಲ್ಲ ಬೆವರಿತು. ಎದೆಯ ಮೇಲೆ ಕೈಯಿಟ್ಟುಕೊಂಡು ಪಂಕ್ತಿಯಿಂದ ಎದ್ದು ಹೊರನಡೆದರು. ನಾವು ಹಿಂದೆಯೇ ಓಡಿ ನೋಡಿದರೆ, ಕೈ ತೊಳೆಯುವ ಜಾಗದಲ್ಲಿ ಬಗ್ಗಿ ನಿಂತು ತಿಂದದ್ದನ್ನು ಹೊರಗೆ ಹಾಕುತ್ತಿದ್ದರು. ಹೃದಯದ ತೊಂದರೆಯೋ ಏನೋ ಎಂದು ನಮಗೆ ಕೈಕಾಲು ನಡುಗಿತು. "ಏನಿಲ್ಲ ಬಿಡ್ರಿ, ಈಗ ಆರಾಮ ಆತು" ಎಂದು ಹೇಳಿ ಅವರು ಮನೆಗೆ ಹೊರಟುಹೋದರು.

ಮರುದಿನ ಡಬ್ಬಿ ಬಿಚ್ಚುವ ಹೊತ್ತಿಗೆ, ಉಳಿದವರೆಲ್ಲ ಎದ್ದುಹೋದ ಮೇಲೆ, ಅವರೇ ವಿಷಯ ತೆಗೆದರು. "ಹೊಟ್ಟಿಗೆ ಪಟ್ಟಿ ಹಾಕಿಸೇನ್ರಿ. ಹನ್ನೆರಡು ವರ್ಷದ ಮ್ಯಾಲಾತು. ಯಾರಿಗೂ ಹೇಳಿಲ್ಲ. ಹೇಳಿದರ, ಬಾಯಿ ಕಟ್ಟಲಿಕ್ಕೆ ಆಗದ ಹೊಟ್ಟಿ ಕಟ್ಟಿಸಿಕೊಂಡಾನ ಅಂತ ನಗತಾರ." ಸಿಟ್ಟಿನಿಂದಲ್ಲ, ತಮ್ಮದೇ ತಪ್ಪೆಂಬಂತೆ ಸಣ್ಣ ದನಿಯಲ್ಲಿ ಹೇಳಿದರು. ನಾವು ತಲೆ ತಗ್ಗಿಸಿದೆವು.

ಅಂದಿನಿಂದ ಎರಡು ಪ್ರಶ್ನೆಗಳು ನಮ್ಮನ್ನು ಬಿಡದೆ ಕಾಡಿವೆ. ಒಂದು, ಪಟ್ಟಿಯೊಂದು ಹೊಟ್ಟೆ ತುಂಬಿದ ಭಾವವನ್ನು ಹೇಗೆ ಹುಟ್ಟಿಸುತ್ತದೆ ಎಂಬುದು. ಇನ್ನೊಂದು, ಪಟ್ಟಿ ಹುಟ್ಟಿಸಿದ ತೃಪ್ತಿ ಆ ಮನುಷ್ಯನದೇ ಅಥವಾ ಪಟ್ಟಿಯದೇ ಎಂಬುದು. ಬಿ.ಎಸ್‌ಸಿ. ಓದಿ ಎರಡು ದಶಕಗಳು ಕಳೆದ ಗುಮಾಸ್ತನಿಗೆ ಮೊದಲನೆಯ ಪ್ರಶ್ನೆಗೆ ಪುಸ್ತಕ ತಿರುವಿಹಾಕಿ ಒಂದಿಷ್ಟು ಉತ್ತರ ಹುಡುಕಬಹುದು. ಎರಡನೆಯದಕ್ಕೆ ವಾಚಕರನ್ನೂ ಜೊತೆಗೆ ಕರೆದುಕೊಂಡು ಹೋಗದೆ ವಿಧಿಯಿಲ್ಲ.

ಮೊದಲು ಆ ಸಾಧನದ ವಿಷಯ. ವೈದ್ಯರು ಇದನ್ನು ಗ್ಯಾಸ್ಟ್ರಿಕ್ ಬ್ಯಾಂಡ್ ಎನ್ನುತ್ತಾರೆ. ಅನ್ನನಾಳವು ಜಠರವನ್ನು ಸೇರುವ ಜಾಗದ ತುಸು ಕೆಳಗೆ, ಜಠರದ ಮೇಲ್ತುದಿಯ ಸುತ್ತ, ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ತೊಡಿಸುವ ಸಿಲಿಕೋನಿನ ಬಳೆಯಿದು. ಬಳೆಯ ಒಳಮೈಯಲ್ಲಿ ಬಲೂನಿನಂಥ ಟೊಳ್ಳು ಪದರ ಇರುತ್ತದೆ. ಅಲ್ಲಿಂದ ತೆಳುವಾದ ನಳಿಕೆಯೊಂದು ಹೊರಟು, ಹೊಟ್ಟೆಯ ಚರ್ಮದ ಅಡಿಯಲ್ಲಿ ಹುದುಗಿಸಿಟ್ಟ ಸಣ್ಣ ಗುಂಡಿಯೊಂದನ್ನು ಸೇರುತ್ತದೆ. ಆ ಗುಂಡಿಗೆ ಹೊರಗಿನಿಂದ ಸೂಜಿ ಚುಚ್ಚಿ ಉಪ್ಪುನೀರು ಏರಿಸಿದರೆ ಬಳೆ ಬಿಗಿಯಾಗುತ್ತದೆ; ಹೊರತೆಗೆದರೆ ಸಡಿಲವಾಗುತ್ತದೆ. ಹೊಟ್ಟೆಯನ್ನು ಕೊಯ್ದು ತೆಗೆಯುವುದಿಲ್ಲ, ಕರುಳನ್ನು ಬೇರೆ ಕಡೆ ಜೋಡಿಸುವುದಿಲ್ಲ. ಬೇಡವಾದರೆ ಬಳೆಯನ್ನು ತೆಗೆಯಲೂಬಹುದು. ಹೀಗೆ ಬಿಗಿ-ಸಡಿಲ ಮಾಡಬಲ್ಲ ಬಳೆಯನ್ನು ರೂಪಿಸಿ ೧೯೮೬ರಲ್ಲಿ ರೋಗಿಗೆ ತೊಡಿಸಿದವರು ಅಮೆರಿಕದಲ್ಲಿ ನೆಲಸಿದ ಉಕ್ರೇನ್ ಮೂಲದ ಶಸ್ತ್ರವೈದ್ಯ ಲ್ಯುಬೊಮಿರ್ ಕುಜ್ಮಾಕ್. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ರಂಧ್ರಗಳ ಮೂಲಕ ದುರ್ಬೀನು ಇಳಿಸಿ ಇದನ್ನು ೧೯೯೩ರಲ್ಲಿ ಮೊದಲು ತೊಡಿಸಿದವರು ಬೆಲ್ಜಿಯಮ್ಮಿನಲ್ಲಿದ್ದ ಇಥಿಯೋಪಿಯಾ ಮೂಲದ ಮಿತಿಕು ಬೆಲಾಚೆವ್. ಅಮೆರಿಕದ ಸರ್ಕಾರ ೨೦೦೧ರಲ್ಲಿ ಒಪ್ಪಿಗೆಯಿತ್ತ ಮೇಲೆ ಹತ್ತು ವರ್ಷ ಇದರ ಭರಾಟೆ ನಡೆಯಿತು. ಆಮೇಲೆ ಇಳಿಮುಖವಾಯಿತು. ಈಗ ಜಠರದ ಬಹುಭಾಗವನ್ನೇ ಕತ್ತರಿಸಿ ತೆಗೆದು ಅದನ್ನು ಸಪೂರ ಕೊಳವೆಯಾಗಿಸುವ ಶಸ್ತ್ರಕ್ರಿಯೆಯೇ ಹೆಚ್ಚು ನಡೆಯುತ್ತದೆ. ಬಳೆ ತೊಡಿಸಿಕೊಳ್ಳುವವರು ಬಹಳ ವಿರಳ. ಇದನ್ನು ಯಾರಿಗಾದರೂ ಶಿಫಾರಸು ಮಾಡುವುದಾಗಲಿ ಬೇಡವೆನ್ನುವುದಾಗಲಿ ನಮ್ಮ ಕೆಲಸವಲ್ಲ, ಅದು ವೈದ್ಯರದು.

ಈ ಬಳೆಯಿಂದ ಹೊಟ್ಟೆ ತುಂಬಿದ ಭಾವ ಬರುವುದು ಹೇಗೆ? ಕೇಳಿದ ಕೂಡಲೇ ಯಾರಿಗೂ ಹೊಳೆಯುವ ಉತ್ತರವೊಂದಿದೆ. ಗೋಣಿಚೀಲದ ಕೊರಳಿಗೆ ಹಗ್ಗ ಬಿಗಿದರೆ ಮೇಲೆ ಸಣ್ಣದೊಂದು ಚೀಲವಾಗುವುದಿಲ್ಲವೇ? ಹಾಗೆಯೇ ಬಳೆಯ ಮೇಲೆ ದೊಡ್ಡ ಚಮಚೆಯೊಂದರಷ್ಟು, ಎಂದರೆ ಸುಮಾರು ೧೫-೨೦ ಮಿಲಿಲೀಟರು ಹಿಡಿಯುವ, ಪುಟ್ಟ ಜಠರವೊಂದು ಉಳಿಯುತ್ತದೆ. ನಾಲ್ಕು ತುತ್ತಿಗೆ ಅದು ತುಂಬುತ್ತದೆ. ಆಹಾರ ಅಲ್ಲಿ ನಿಂತು ನಿಧಾನವಾಗಿ ಕೆಳಗೆ ಸೋರುತ್ತದೆ. ಅದಕ್ಕೇ ಹೊಟ್ಟೆ ತುಂಬಿದಂತಾಗುತ್ತದೆ. ವೈದ್ಯರೂ ಬಹುಕಾಲ ಹೀಗೆಯೇ ವಿವರಿಸುತ್ತಿದ್ದರು. ಲೋಟ ಚಿಕ್ಕದಾದರೆ ಬೇಗ ತುಂಬುತ್ತದೆ ಎಂಬ ನೇರವಾದ ಲೆಕ್ಕ.

ಆದರೆ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಮೊನಾಶ್ ವಿಶ್ವವಿದ್ಯಾಲಯದ ಪಾಲ್ ಓಬ್ರಿಯನ್ ಮತ್ತು ಅವರ ಸಂಗಡಿಗರು ನುಂಗಿದ ತುತ್ತಿನ ಹಾದಿಯನ್ನೇ ಹಿಂಬಾಲಿಸಿ ನೋಡಿದಾಗ ಈ ಲೆಕ್ಕ ಕೂಡಿಬರಲಿಲ್ಲ. ಬಳೆಯ ಬಿಗಿ ಹದವಾಗಿದ್ದರೆ ಆಹಾರ ಅದರ ಮೇಲೆ ನಿಲ್ಲುವುದೇ ಇಲ್ಲ. ಅನ್ನನಾಳ ಅಲೆಯಂತೆ ಹಿಂಡಿ ಹಿಂಡಿ, ಒಂದೇ ತುತ್ತನ್ನು ಹಲವು ಸಲಕ್ಕೆ, ಸುಮಾರು ಒಂದು ನಿಮಿಷದೊಳಗೆ ಬಳೆಯಾಚೆಗೆ ದಾಟಿಸಿಬಿಡುತ್ತದೆ. ಬಳೆಯ ಕೆಳಗಿನ ಜಠರವೂ ತನ್ನ ಎಂದಿನ ವೇಗದಲ್ಲಿಯೇ ಬರಿದಾಗುತ್ತದೆ. ಮೇಲೆ ಆಹಾರ ನಿಂತು ಕೂತರೆ ಅದು ಬಳೆಯ ಯಶಸ್ಸಲ್ಲ. ಮೇಲ್ಭಾಗ ಹಿಗ್ಗುತ್ತ ಹೋಗಿ ಕೊನೆಗೆ ತೊಂದರೆಗೇ ದಾರಿ. ನಮ್ಮ ಮಿತ್ರರಿಗೆ ಆ ದಿನ ಆದದ್ದೂ ಅದೇ. ಅಗಿಯದೆ ನುಂಗಿದ ಹೋಳಿಗೆಯ ಮುದ್ದೆ ಬಳೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಅದು ಹೊಟ್ಟೆ ತುಂಬಿದ್ದಲ್ಲ, ದಾರಿ ಕಟ್ಟಿದ್ದು.

ಚೀಲ ತುಂಬುವುದಿಲ್ಲವಾದರೆ ತೃಪ್ತಿ ಎಲ್ಲಿಂದ ಬಂತು? ಜಠರದ ಆ ಮೇಲ್ತುದಿಯ ಗೋಡೆಯಲ್ಲಿ ಒತ್ತಡವನ್ನೂ ಎಳೆತವನ್ನೂ ಗುರುತಿಸುವ ನರದ ತುದಿಗಳು ಹರಡಿಕೊಂಡಿವೆ. ಅವು ವೇಗಸ್ ಎಂಬ ಉದ್ದನೆಯ ನರಕ್ಕೆ ಸೇರಿದವು. ಮೆದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿದುಬಂದ ಈ ನರವನ್ನು ಮೆದುಳು ಹೊಟ್ಟೆಗೆ ಅಪ್ಪಣೆ ಕಳಿಸುವ ತಂತಿಯೆಂದು ನಾವು ಕಾಲೇಜಿನಲ್ಲಿ ತಿಳಿದಿದ್ದೆವು. ನಿಜವಾಗಿ ಅದರ ಎಳೆಗಳಲ್ಲಿ ಹೆಚ್ಚಿನವು ಹೊಟ್ಟೆಯಿಂದ ಮೆದುಳಿಗೆ ವರದಿ ಒಯ್ಯುವಂಥವು. ಬಳೆ ಆ ಜಾಗವನ್ನು ಸದಾ ಮೆಲ್ಲಗೆ ಒತ್ತಿ ಹಿಡಿದಿರುತ್ತದೆ. ಮೇಲಾಗಿ ಒಂದೊಂದು ತುತ್ತು ಹಿಸುಕಿಕೊಂಡು ದಾಟುವಾಗಲೂ ಗೋಡೆಯ ಮೇಲೆ ಒತ್ತಡ ಬಿದ್ದು, "ಆಹಾರ ಬಂದಿದೆ" ಎಂಬ ವರದಿ ಮತ್ತೆ ಮತ್ತೆ ಮೇಲಕ್ಕೆ ಹೋಗುತ್ತದೆ. ಆ ಸಂಶೋಧಕರು ಕೊಡುವ ವಿವರಣೆ ಇದು. ಇದಕ್ಕೆ ಪುಷ್ಟಿ ಕೊಡುವ ಪರೀಕ್ಷೆಯೊಂದರ ಫಲಿತಾಂಶ ೨೦೦೫ರಲ್ಲಿ ಪ್ರಕಟವಾಯಿತು. ಬಳೆ ತೊಟ್ಟವರಲ್ಲಿ ಕೆಲವು ಕಾಲ ಬಳೆಯನ್ನು ಹದವಾಗಿ ಬಿಗಿಗೊಳಿಸಿ, ಕೆಲವು ಕಾಲ ಸಡಿಲಿಸಿ, ಯಾವುದು ಯಾವಾಗ ಎಂದು ಅವರಿಗೆ ತಿಳಿಸದೆ, ಬೆಳಗಿನ ತಿಂಡಿಗೆ ಮೊದಲು ಹಸಿವು ಎಷ್ಟೆಂದು ಕೇಳಿದರು. ರಾತ್ರಿಯೆಲ್ಲ ಉಪವಾಸವಿದ್ದ ಬರಿಹೊಟ್ಟೆಯಲ್ಲೂ ಬಳೆ ಬಿಗಿಯಾಗಿದ್ದ ದಿನ ಹಸಿವು ಕಡಿಮೆಯಿತ್ತು. ಆಗ ಲೋಟದಲ್ಲಿ ಏನೂ ಇರಲಿಲ್ಲ. ಆದರೂ ತಕ್ಕಮಟ್ಟಿಗೆ ತುಂಬಿದೆಯೆಂಬ ವರದಿ ಹೋಗಿತ್ತು!

ಇದನ್ನು ಓದಿದಾಗ ನಮಗೆ ನೆನಪಾದದ್ದು ದ್ರೌಪದಿಯ ಅಕ್ಷಯಪಾತ್ರೆಯ ಕಥೆ. ದೂರ್ವಾಸರು ಶಿಷ್ಯಸಮೂಹದೊಡನೆ ಊಟಕ್ಕೆ ಬಂದಾಗ ಪಾತ್ರೆ ತೊಳೆದಿಟ್ಟಾಗಿತ್ತು. ಶ್ರೀಕೃಷ್ಣ ಪಾತ್ರೆಗೆ ಅಂಟಿದ್ದ ಸೊಪ್ಪಿನ ಎಸಳೊಂದನ್ನು ಬಾಯಿಗಿಟ್ಟುಕೊಂಡ ಕೂಡಲೇ ನದಿಯಲ್ಲಿ ಮೀಯುತ್ತಿದ್ದ ಋಷಿಗಳಿಗೆಲ್ಲ ಹೊಟ್ಟೆ ತುಂಬಿ ತೇಗು ಬಂತು. ಕಾಲೇಜಿನ ದಿನಗಳಲ್ಲಿ ಈ ಕಥೆಗೆ ನಕ್ಕಿದ್ದೆವು. ಪುರಾಣದಲ್ಲಿ ವಿಜ್ಞಾನ ಅಡಗಿತ್ತೆಂದು ಹೇಳುವ ಚಪಲ ಈಗಲೂ ನಮಗಿಲ್ಲ. ಆದರೆ ಹೊಟ್ಟೆ ತುಂಬುವುದು ಬೇರೆ, ತುಂಬಿತೆಂದು ಅನ್ನಿಸುವುದು ಬೇರೆ ಎಂಬುದನ್ನು ಕಥೆ ಕಟ್ಟಿದವರು ಗಮನಿಸಿದ್ದರು ಎನ್ನದಿರಲಾಗದು.

ಬಳೆಯ ಮಾತಿರಲಿ, ಬಳೆಯಿಲ್ಲದ ನಮ್ಮ ನಿಮ್ಮ ಹೊಟ್ಟೆಯಲ್ಲಾದರೂ ತೃಪ್ತಿಯೆಂಬುದು ಬರಿಯ ಅಳತೆಯೇ? ೧೯೧೨ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಅವರ ಶಿಷ್ಯ ವಾಶ್‌ಬರ್ನ್ ಬಲೂನೊಂದನ್ನು ನುಂಗಿ, ಜಠರ ಹಿಂಡಿದಾಗಲೇ ಹಸಿವಿನ ಸಂಕಟ ಏಳುತ್ತದೆಂದು ತೋರಿಸಿದರು. ಹಸಿವೆಂದರೆ ಜಠರದ ಕೂಗು ಎಂದಾಯಿತು. ಆದರೆ ರೋಗದ ಕಾರಣ ಜಠರವನ್ನೇ ಪೂರ್ತಿ ತೆಗೆದುಹಾಕಿದವರಿಗೂ ಹಸಿವಾಗುತ್ತದೆಂದು ಆಮೇಲೆ ಕಂಡಿತು. ೧೯೭೩ರಲ್ಲಿ, ಆಹಾರ ಕರುಳಿಗಿಳಿದಾಗ ಅಲ್ಲಿಂದ ಹೊರಡುವ ಹಾರ್ಮೋನೊಂದು ಇಲಿಗಳ ಊಟವನ್ನು ಬೇಗ ಮುಗಿಸುತ್ತದೆಂದು ತಿಳಿಯಿತು. ೧೯೯೯ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರು ಬರಿದಾದ ಜಠರದಿಂದ ಹೊರಟು ಹಸಿವನ್ನು ಏಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಹುಳಿ ಅನ್ನ ಇನ್ನೊಂದು ತುತ್ತು ಬೇಡವೆನ್ನುವವರು ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡುವುದೂ ಬರಿಯ ಚಪಲವಲ್ಲ. ಉಂಡ ರುಚಿಗೆ ನಾಲಗೆ ಸಾಕೆಂದರೂ ಉಣ್ಣದ ರುಚಿಗೆ ಬೇಕೆನ್ನುತ್ತದೆಂದು ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ೧೯೮೧ರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ಎಲ್ಲಕ್ಕಿಂತ ವಿಚಿತ್ರವಾದುದು ೧೯೯೮ರಲ್ಲಿ ಪಾಲ್ ರೋಜಿನ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆ. ಈಗಷ್ಟೇ ನಡೆದದ್ದನ್ನೂ ನೆನಪಿನಲ್ಲಿ ಉಳಿಸಿಕೊಳ್ಳಲಾಗದ ಇಬ್ಬರು ರೋಗಿಗಳಿಗೆ ಊಟವಾದ ಅರ್ಧ ಗಂಟೆಯೊಳಗೆ ಮತ್ತೊಂದು ಊಟ ತಂದಿಟ್ಟರೆ ಅದನ್ನೂ ಉಂಡರು. ಉಂಡೆನೆಂಬ ನೆನಪೂ ತೃಪ್ತಿಯ ಒಂದು ಪಾಲೆಂದಾಯಿತು.

ಆಫೀಸಿನಲ್ಲಿ ಕಡತವೊಂದು ನಾಲ್ಕಾರು ಮೇಜು ದಾಟಿ, ಎಲ್ಲರ ಸಹಿ ಬಿದ್ದ ಮೇಲೆ ಮಂಜೂರಾಗುವುದನ್ನು ನಾವು ನಿತ್ಯ ನೋಡುತ್ತೇವೆ. ಸಾಕೆಂಬ ತೀರ್ಮಾನವೂ ಹಾಗೆಯೇ. ಜಠರದ ಗೋಡೆ, ಕರುಳು, ನರ, ನಾಲಗೆ, ನೆನಪು, ಮನಸ್ಸು ಇವೆಲ್ಲ ಒಂದೊಂದು ಟಿಪ್ಪಣಿ ಬರೆಯುತ್ತವೆ. ಬಳೆ ಅವುಗಳಲ್ಲಿ ಒಂದು ಟಿಪ್ಪಣಿಯನ್ನು ಮಾತ್ರ ಸ್ವಲ್ಪ ಬೇಗ, ಸ್ವಲ್ಪ ದಪ್ಪಕ್ಷರದಲ್ಲಿ ಬರೆಸುತ್ತದೆ. ಅಷ್ಟೇ ಅದರ ಕೆಲಸ.

ಇನ್ನು ಎರಡನೆಯ ಪ್ರಶ್ನೆ. ದುಡ್ಡು ಕೊಟ್ಟು ತೊಡಿಸಿಕೊಂಡ ಬಳೆಯಿಂದ ಬಂದ ಮಿತಾಹಾರ ಮಿತಾಹಾರವೇ? ಏಕಾದಶಿಗೆ ನಿರಾಹಾರವಿದ್ದ ನಮ್ಮ ಅಜ್ಜಿಯಂದಿರು ಯಾವ ಪಟ್ಟಿಯನ್ನೂ ಕಟ್ಟಿಸಿಕೊಂಡವರಲ್ಲ. ಜಠರವನ್ನು ನಾಲ್ಕು ಪಾಲಾಗಿ ಎಣಿಸಿ, ಎರಡು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದನ್ನು ವಾಯುವಿಗೆಂದು ಖಾಲಿ ಬಿಡಬೇಕೆಂದು ಅಷ್ಟಾಂಗ ಹೃದಯ ವಿಧಿಸಿತು. ಖಾಲಿ ಬಿಡುವುದು ಉಣ್ಣುವವನ ವಿವೇಕಕ್ಕೆ ಸೇರಿದ್ದು. ಆ ವಿವೇಕದ ಜಾಗದಲ್ಲಿ ಸಿಲಿಕೋನಿನ ಬಳೆ ಬಂದರೆ, ಮನುಷ್ಯ ಗೆದ್ದಂತಾಯಿತೇ, ಬರಿಯ ಬೀಗ ಹಾಕಿದಂತಾಯಿತೇ? ಹೀಗೆ ಕೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾವೂ ಕೆಲವು ಕಾಲ ಹೀಗೆಯೇ ಯೋಚಿಸಿದೆವು.

ಆದರೆ ಈ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ: ಸಾಕೆಂಬ ದನಿ ಎಲ್ಲರ ಹೊಟ್ಟೆಯಲ್ಲೂ ಒಂದೇ ಗಟ್ಟಿಯಾಗಿ ಕೇಳಿಸುತ್ತದೆ, ಕೆಲವರು ಕೇಳುತ್ತಾರೆ, ಕೆಲವರು ಕೇಳದಂತೆ ನಟಿಸುತ್ತಾರೆ ಎಂಬ ಊಹೆ. ಇದು ನಿಜವಲ್ಲ. ದೇಹದ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ತನ್ನ ದಾಸ್ತಾನಿನ ವರದಿಯನ್ನು ಮೆದುಳಿಗೆ ಕಳಿಸುತ್ತದೆ. ೧೯೯೪ರಲ್ಲಿ ಇದು ಗೊತ್ತಾಯಿತು. ೧೯೯೭ರಲ್ಲಿ ಇಂಗ್ಲೆಂಡಿನ ವೈದ್ಯರು ಈ ಹಾರ್ಮೋನು ಹುಟ್ಟಿನಿಂದಲೇ ಇಲ್ಲದ ಇಬ್ಬರು ಮಕ್ಕಳನ್ನು ಗುರುತಿಸಿದರು. ಎಷ್ಟು ತಿಂದರೂ ಹಿಂಗದ ಹಸಿವು ಅವರದು. ಅಂಥ ಮಗುವಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಇಳಿಯಿತು, ತೂಕವೂ ಇಳಿಯಿತು ಎಂಬ ವರದಿ ೧೯೯೯ರಲ್ಲಿ ಬಂತು. ಅಷ್ಟು ದಿನ ಆ ಮಗುವನ್ನು ಹೊಟ್ಟೆಬಾಕನೆಂದು ಗದರಿದವರು ಎಷ್ಟು ಜನವೋ! ಇದು ಬಹಳ ಅಪರೂಪದ ರೋಗ ನಿಜ. ದಪ್ಪಗಿರುವವರಿಗೆಲ್ಲ ಇದೇ ಕಾರಣವಲ್ಲ. ಆದರೆ ಹಸಿವಿನ ಗಟ್ಟಿತನ ಮನುಷ್ಯನಿಂದ ಮನುಷ್ಯನಿಗೆ ಬೇರೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಎರಡು ಚಪಾತಿಗೆ ಸಹಜವಾಗಿ ತೃಪ್ತಿಯಾಗುವ ನಾವು ನಮ್ಮ ಸಂಯಮವನ್ನು ಹೊಗಳಿಕೊಳ್ಳುವಾಗ, ಅದರಲ್ಲಿ ನಮ್ಮ ಸಾಧನೆ ಎಷ್ಟು, ತಂದೆತಾಯಿಯಿಂದ ಬಂದ ನರ-ಹಾರ್ಮೋನುಗಳ ಕೃಪೆ ಎಷ್ಟು ಎಂದು ಲೆಕ್ಕ ಹಾಕಿದವರಾರು? ನಮಗೆ ಪುಕ್ಕಟೆಯಾಗಿ ಸಿಕ್ಕ ವರದಿಯನ್ನು ನಮ್ಮ ಮಿತ್ರರು ಬೆಲೆ ಕೊಟ್ಟು, ನೋವುಂಡು ಪಡೆದರು.

ಹಾಗೆಂದು ಬಳೆಯೇ ಎಲ್ಲವನ್ನೂ ಮಾಡಿತೆಂದೂ ಅಲ್ಲ. ಮಿತ್ರರು ಇನ್ನೊಂದು ದಿನ ಹೇಳಿದರು: "ಅವ್ವ ತೀರಿಕೊಂಡ ವರ್ಷ ನನಗ ಏನೂ ಬ್ಯಾಡಾಗಿತ್ರಿ. ರಾತ್ರಿ ಒಬ್ಬನ ಕುಂತು ಐಸ್‌ಕ್ರೀಮ್ ತಿಂತಿದ್ದೆ. ರೊಟ್ಟಿಗೆ ಅಡ್ಡ ಬರೋ ಪಟ್ಟಿ ಐಸ್‌ಕ್ರೀಮಿಗೆ ಅಡ್ಡ ಬರಲಿಲ್ಲ." ಬಳೆಯ ಮಿತಿ ಇದೇ. ನೀರಾದ ಸಿಹಿ, ಪಾನಕ, ಪಾಯಸ, ಕರಗಿದ ಐಸ್‌ಕ್ರೀಮು ಇವು ಗೋಡೆಯನ್ನು ಹೆಚ್ಚು ಒತ್ತದೆ ಸರಾಗವಾಗಿ ಇಳಿದುಹೋಗುತ್ತವೆ. ಅದಕ್ಕೆ ದುಃಖ ತಿಳಿಯದು, ಹಬ್ಬ ತಿಳಿಯದು, ಬೇಸರ ತಿಳಿಯದು. ಬಳೆ ತೊಟ್ಟವರಿಗೆ ವೈದ್ಯರು ಹೇಳುವ ನಿಯಮಗಳನ್ನು ಕೇಳಿದರೆ ನಗು ಬರುತ್ತದೆ: ಸಣ್ಣ ತುತ್ತು ತೆಗೆದುಕೊಳ್ಳಿ, ಚೆನ್ನಾಗಿ ಅಗಿಯಿರಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು, ಹಸಿವು ಹೋದ ಕೂಡಲೇ ಕೈ ತೊಳೆಯಿರಿ. ಅಜ್ಜಿ ಎಲೆಯ ಮುಂದೆ ಕೂಡಿಸಿಕೊಂಡು ಹೇಳಿದ್ದು ಇದನ್ನೇ ಅಲ್ಲವೇ? ಈ ನಿಯಮ ಪಾಲಿಸದವರಿಗೆ ಬಳೆಯಿಂದ ವಾಂತಿ, ಎದೆನೋವು ಬಂದೀತೇ ಹೊರತು ತೃಪ್ತಿ ಬಾರದು. ಕನ್ನಡಕ ಹಾಕಿಕೊಂಡ ಮಾತ್ರಕ್ಕೆ ಪುಸ್ತಕ ಓದಿದಂತಾಗುವುದಿಲ್ಲ. ಅಕ್ಷರ ಕಾಣುತ್ತದೆ, ಓದಬೇಕಾದವರು ನಾವೇ. ಕನ್ನಡಕ ಹಾಕಿಕೊಂಡು ಓದಿದವನ ವಿದ್ಯೆ ಕನ್ನಡಕದ ವಿದ್ಯೆಯೆಂದು ಯಾರೂ ಹೇಳುವುದಿಲ್ಲ. ಬಳೆಯ ನೆರವಿನಿಂದ ಸಾಕೆಂಬ ದನಿಯನ್ನು ಕೇಳಿ ಅದರಂತೆ ಕೈ ತೊಳೆದವನ ಸಂಯಮವೂ ಅವನದೇ ಎಂದು ನಮ್ಮ ಅಭಿಪ್ರಾಯ.

ಇಲ್ಲಿಗೆ ಲೇಖನ ಮುಗಿಸಬಹುದಿತ್ತು. ಆದರೆ ಮಿತ್ರರ ಹೊಟ್ಟೆ ಸಾಕೆಂದಿತು, ಅವರು ಅದನ್ನು ಕೇಳಿದರು, ಬಾಯಿಬಿಟ್ಟು ಹೇಳಿಯೂ ಹೇಳಿದರು. ಕೇಳಿಸಿಕೊಳ್ಳದವರು ಯಾರು? ಹೋಳಿಗೆಯ ತಟ್ಟೆ ಹಿಡಿದಿದ್ದ ನಾವು. ತಪ್ಪು ಅವರ ಬಳೆಯದೂ ಅಲ್ಲ, ಬಾಯಿಯದೂ ಅಲ್ಲ.

ನಾವೇಕೆ ಹೀಗೆ ಒತ್ತಾಯ ಮಾಡುತ್ತೇವೆ? ದುರುದ್ದೇಶದಿಂದಲ್ಲ. ನಮ್ಮ ತಂದೆಯವರ ತಲೆಮಾರು ಈ ಮಹಾನಗರಕ್ಕೆ ಬಂದಾಗ ಒಂದೇ ಕೋಣೆಯಲ್ಲಿ ಆರೇಳು ಜನ ಇದ್ದು, ಖಾನಾವಳಿಯಲ್ಲಿ ಎಣಿಸಿ ಕೊಟ್ಟ ಚಪಾತಿ ಉಂಡು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಹೊಟ್ಟೆಬಟ್ಟೆ ಕಟ್ಟಿ ಊರಿಗೆ ಮನಿಯಾರ್ಡರ್ ಕಳಿಸಿದವರು. ಅವರಿಗೆ ಮನೆಗೆ ಬಂದವರ ಎಲೆ ತುಂಬುವುದೆಂದರೆ ಬಡತನವನ್ನು ಗೆದ್ದ ಸಂತೋಷ. ಊರಿನವರು ಸಿಕ್ಕರೆ ಊರೇ ಸಿಕ್ಕಿದಂತೆ. ಅವರಿಗೆ ಇನ್ನೊಂದು ಸೌಟು ಬಡಿಸಿದರೆ ಊರಿಗೇ ಬಡಿಸಿದಂತೆ. ಅತಿಥಿಯೂ ಸಂಕೋಚದಿಂದ ಮೊದಲ ಸಲ ಬೇಡವೆನ್ನುವುದು, ನಾವು ಮೂರು ಸಲ ಕೇಳುವುದು, ನಾಲ್ಕನೆಯ ಸಲ ಅವರು ಒಪ್ಪುವುದು ಒಂದು ಪದ್ಧತಿಯಾಗಿಬಿಟ್ಟಿತು. ಹೀಗಾಗಿ ಸಾಕೆಂಬ ಮಾತಿಗೆ ಬೆಲೆ ಇಳಿಯಿತು. ನಿಜವಾಗಿ ಸಾಕಾದವರಿಗೂ ಸಂಕೋಚದಿಂದ ಸಾಕೆನ್ನುವವರಿಗೂ ಇರುವುದು ಅದೊಂದೇ ಶಬ್ದ. ಯಾರದು ಖರೆ, ಯಾರದು ಉಪಚಾರ ಎಂದು ನಮಗೆ ತಿಳಿಯದಾಯಿತು.

ಮಕ್ಕಳ ವಿಷಯದಲ್ಲಂತೂ ನಾವು ಇನ್ನೂ ಮುಂದೆ ಹೋಗುತ್ತೇವೆ. ಮಗು ಬಾಯಿ ಮುಚ್ಚಿ ತಲೆ ತಿರುಗಿಸುತ್ತದೆ; ನಾವು "ಇದು ಅಪ್ಪನ ತುತ್ತು, ಇದು ಅಜ್ಜನ ತುತ್ತು" ಎಂದು ಇನ್ನೂ ನಾಲ್ಕು ತುರುಕುತ್ತೇವೆ. ಅದರ ಹೊಟ್ಟೆ ಕಳಿಸಿದ ವರದಿಗಿಂತ ನಮ್ಮ ಅಂದಾಜೇ ದೊಡ್ಡದೆಂದು ದಿನಕ್ಕೆ ಮೂರು ಹೊತ್ತು ಪಾಠ ಮಾಡುತ್ತೇವೆ. ಅದೇ ಮಗು ದೊಡ್ಡದಾಗಿ ದಪ್ಪಗಾದಾಗ, "ಬಾಯಿ ಕಟ್ಟಲಿಕ್ಕೆ ಬರುವುದಿಲ್ಲವೇ?" ಎಂದು ಗದರುವವರೂ ನಾವೇ.

ಅನ್ನ ಚೆಲ್ಲಬಾರದು, ಎಲೆಯಲ್ಲಿ ಬಿಡಬಾರದು ಎಂಬ ನಿಯಮವೂ ನಮ್ಮಲ್ಲಿದೆ. ಅದು ಸುಳ್ಳಲ್ಲ, ಬಿಡತಕ್ಕದ್ದೂ ಅಲ್ಲ. ಹಸಿದವರು ಇನ್ನೂ ಇರುವ ಊರಿನಲ್ಲಿ ಅನ್ನ ಚೆಲ್ಲುವುದು ತಪ್ಪೇ. ಆದರೆ ಬಡಿಸುವವರು ಮೀರಿ ಬಡಿಸಿ, ಚೆಲ್ಲುವ ಪಾಪವನ್ನು ಉಣ್ಣುವವರ ತಲೆಗೆ ಕಟ್ಟುವುದು ಯಾವ ನ್ಯಾಯ? ಮಿತ್ರರು ಆ ದಿನ ಎರಡು ತುತ್ತು ನುಂಗಿದ್ದು ಆಸೆಯಿಂದಲ್ಲ, ಎಲೆಯಲ್ಲಿ ಬಿಟ್ಟರೆ ನಮಗೆ ಬೇಸರವಾದೀತೆಂದು. ಕಡಿಮೆ ಬಡಿಸಿ, ಬೇಕೆಂದವರಿಗೆ ಮತ್ತೆ ಬಡಿಸಿದರೆ ಎರಡು ಧರ್ಮಗಳೂ ಉಳಿಯುತ್ತವೆ. ಇನ್ನೊಂದು ಮಾತು. ಸಾಕೆನ್ನುವವರಿಗೆ ಬಡಿಸುವ ಭರದಲ್ಲಿ, ಕೊನೆಯ ಪಂಕ್ತಿಯಲ್ಲಿ ಕೂರುವ ಅಡಿಗೆಯವರನ್ನೂ ಪಾತ್ರೆ ತೊಳೆಯುವ ಹುಡುಗರನ್ನೂ ಕಾವಲುಗಾರನನ್ನೂ "ಸಾಕಾಯಿತೇ?" ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಅಷ್ಟು ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ.

ಇಷ್ಟೆಲ್ಲ ವಿಚಾರ ಮಾಡಿದ ಮೇಲೆ ನಮಗೆ ತೋರಿದ್ದು ಇಷ್ಟು. ತೃಪ್ತಿಯೆಂಬುದು ಲೋಟದ ಅಳತೆಯಾಗಿದ್ದರೆ ಹೊರಗಿನವರೂ ಅಳೆಯಬಹುದಿತ್ತು. ಅದು ಒಬ್ಬನ ಮೈಯೊಳಗೆ ಹೊರಟು ಅವನಿಗೊಬ್ಬನಿಗೇ ತಲುಪುವ ವರದಿ. ಅದಕ್ಕೆ ಅವನ ಮಾತೇ ಸಾಕ್ಷಿ, ಬೇರೆ ಸಾಕ್ಷಿಯಿಲ್ಲ. ಆದ್ದರಿಂದ ತನ್ನೊಳಗಿನ ಸಾಕನ್ನು ಕೇಳುವುದು ಉಣ್ಣುವವನ ಧರ್ಮವಾದರೆ, ಇನ್ನೊಬ್ಬರ ಸಾಕನ್ನು ನಂಬುವುದು ಬಡಿಸುವವನ ಧರ್ಮ. ಮೊದಲನೆಯದಕ್ಕೆ ವೈದ್ಯರು ಬಳೆಯನ್ನಾದರೂ ಕಂಡುಹಿಡಿದರು. ಎರಡನೆಯದಕ್ಕೆ ಯಾವ ಸಾಧನವೂ ಇಲ್ಲ, ನಾವೇ ಕಲಿಯಬೇಕು.

ಕಳೆದ ಯುಗಾದಿಯ ಊಟಕ್ಕೆ ಮಿತ್ರರು ಮತ್ತೆ ಬಂದಿದ್ದರು. ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಮೊದಲೇ ಕೇಳಿ ಕಾಲು ಹೋಳಿಗೆ ಬಡಿಸಿದೆವು. ಚೂರು ಚೂರು ಮಾಡಿ, ಪಂಕ್ತಿ ಏಳುವವರೆಗೂ ಅದನ್ನೇ ಅಗಿಯುತ್ತ, ಪಕ್ಕದವರೊಡನೆ ಊರಿನ ಮಳೆಯ ವಿಷಯ ಮಾತಾಡುತ್ತ ಉಂಡರು. "ಸಾಕ್ರೀ" ಎಂದಾಗ ಹಳೆಯ ಚಾಳಿಯಿಂದ ನಮ್ಮ ಕೈ ತಟ್ಟೆಯ ಕಡೆಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು ಮುಂದಿನ ಎಲೆಗೆ ನಡೆದೆವು.

ಕೈ ತೊಳೆಯುವಾಗ ಅವರು ಹೇಳಿದರು: "ಪಟ್ಟಿ ಸ್ವಲ್ಪ ಜರಗೇದಂತ್ರಿ, ತೆಗಸಬೇಕು ಅಂತಾರ ಡಾಕ್ಟರು. ಆಮ್ಯಾಲ ಸಾಕು ಅನ್ನೋದು ನನಗ ಕೇಳಸ್ತದೋ ಇಲ್ಲೋ, ಅದs ಚಿಂತಿ." ವರ್ಷಗಳು ಕಳೆದಂತೆ ಬಳೆ ಜಾರುವುದೂ, ಗೋಡೆಯನ್ನು ಕೊರೆಯುವುದೂ, ತೆಗೆಸಬೇಕಾಗುವುದೂ ಹಲವರಲ್ಲಿ ಆಗಿದೆ; ತೆಗೆಸಿದ ಮೇಲೆ ಹಸಿವು ಮರಳುವುದೂ ಉಂಟು. ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. "ನಿಮಗೆ ಕೇಳಿಸಿದಾಗ ನಮಗೊಂದು ಮಾತು ಹೇಳಿ, ನಾವು ನಂಬುತ್ತೇವೆ" ಎಂದೆವು. ಅವರು ಕೈ ಒರೆಸಿಕೊಂಡು ನಕ್ಕರು.